ಓದದೆ ಒಪ್ಪಿದ ಕರಾರು

ಹಿಂದಿನ ಕಾಲದಲ್ಲಿ ಗೃಹಸ್ಥನೊಬ್ಬನು ಒಂದು ಪತ್ರಕ್ಕೆ ರುಜು ಹಾಕಬೇಕಾದರೆ, ಅದನ್ನು ತಾನು ಎರಡು ಸಲ ಓದಿ, ತಿಳಿದವರಿಂದ ಒಮ್ಮೆ ಓದಿಸಿ, ಸಾಕ್ಷಿಗಳನ್ನು ಕರೆಯಿಸಿ, ಆಮೇಲೆ ಲೇಖನಿಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದನು. ಈಗಲಾದರೋ ಒಲೆಯ ಮೇಲಿನ ಹಾಲು ಉಕ್ಕುವುದರೊಳಗಾಗಿ ನಾವು ಎರಡು ಮೂರು ಕರಾರುಗಳಿಗೆ ಸಮ್ಮತಿಯನ್ನು ಕೊಟ್ಟು ಮುಗಿಸಿರುತ್ತೇವೆ. ಮೊಬೈಲಿನಲ್ಲಿ “ನಮ್ಮ ಖಾಸಗಿತನದ ನಿಬಂಧನೆಗಳು ಬದಲಾಗಿವೆ” ಎಂಬ ಸೂಚನೆಯು ಮೂಡುವುದೇ ತಡ, ಬೆರಳು ತಾನಾಗಿಯೇ “ಒಪ್ಪಿದೆ” ಎಂಬೆಡೆಗೆ ಹೋಗುತ್ತದೆ. ಏಕೆ ಓದಲಿಲ್ಲವೆಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ಬರುವುವು. “ಓದಿ ಆಗತಕ್ಕದ್ದೇನು? ನಾವು ಬೇಡವೆಂದರೆ ಅವರು ಬಿಡುತ್ತಾರೆಯೇ?” ಎಂಬುದು ಮೊದಲನೆಯದು. “ಎಲ್ಲವೂ ಆಗಲೇ ಅವರ ಕೈ ಸೇರಿಹೋಗಿದೆ” ಎಂಬುದು ಎರಡನೆಯದು. “ನಮ್ಮಂಥವರಲ್ಲಿ ಮುಚ್ಚಿಡತಕ್ಕದ್ದು ತಾನೇ ಏನಿದೆ?” ಎಂಬುದು ಮೂರನೆಯದು. ಈ ಮೂರರಲ್ಲಿ ನಿಜವೆಷ್ಟು, ನಿಜವಲ್ಲದ್ದೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಓದದೆ ಇರುವುದು ಕೇವಲ ಸೋಮಾರಿತನವೆಂದು ಹೇಳಲಾಗದು. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು 2008ರಲ್ಲಿ ಒಂದು ಲೆಕ್ಕವನ್ನು ಮಾಡಿದರು. ಅಂತರ್ಜಾಲವನ್ನು ಬಳಸುವ ಸಾಮಾನ್ಯ ಮನುಷ್ಯನೊಬ್ಬನು ತಾನು ನೋಡುವ ತಾಣಗಳ ಖಾಸಗಿತನದ ನಿಬಂಧನೆಗಳನ್ನೆಲ್ಲ ಓದಬೇಕಾದರೆ ವರ್ಷಕ್ಕೆ ಸುಮಾರು 244 ಗಂಟೆಗಳು ಬೇಕಾಗುವುವಂತೆ. ಓದುವವರಿಲ್ಲವೆಂಬುದನ್ನು ಕಂಪೆನಿಗಳೂ ಚೆನ್ನಾಗಿ ಬಲ್ಲವು. ಇಂಗ್ಲೆಂಡಿನ ಗೇಮ್‌ಸ್ಟೇಷನ್ ಎಂಬ ಅಂಗಡಿಯವರು 2010ರ ಏಪ್ರಿಲ್ ಒಂದನೆಯ ತಾರೀಖು ವಿನೋದಕ್ಕಾಗಿ ತಮ್ಮ ಷರತ್ತುಗಳ ನಡುವೆ “ಗ್ರಾಹಕನು ತನ್ನ ಆತ್ಮವನ್ನು ನಮಗೆ ಒಪ್ಪಿಸತಕ್ಕದ್ದು” ಎಂಬ ಅರ್ಥದ ಒಂದು ವಾಕ್ಯವನ್ನು ಸೇರಿಸಿದ್ದರು. ಸುಮಾರು 7,500 ಮಂದಿ ಅದಕ್ಕೂ ಒಪ್ಪಿಗೆಯನ್ನು ಕೊಟ್ಟುಬಿಟ್ಟರು!

ಇನ್ನು ಜನರ ಅಪನಂಬಿಕೆಯೂ ನಿಷ್ಕಾರಣವಾಗಿ ಹುಟ್ಟಿದುದಲ್ಲ. ನಮ್ಮ ಮನೆಮನೆಗೂ ಪರಿಚಿತವಾದ ವಾಟ್ಸಾಪಿನ ಕಥೆಯನ್ನೇ ನೋಡಬಹುದು. 2014ರಲ್ಲಿ ಫೇಸ್‌ಬುಕ್ ಕಂಪೆನಿಯು ಸುಮಾರು 1,900 ಕೋಟಿ ಡಾಲರುಗಳಿಗೆ ಅದನ್ನು ಕೊಳ್ಳುವುದಾಗಿ ಸಾರಿತು. ಖಾಸಗಿತನದ ವಿಷಯದಲ್ಲಿ ತಮ್ಮ ತತ್ತ್ವಗಳು ಬದಲಾಗುವುದಿಲ್ಲವೆಂದು ವಾಟ್ಸಾಪಿನ ಸ್ಥಾಪಕರಲ್ಲೊಬ್ಬರಾದ ಯಾನ್ ಕೌಮ್ ಅವರು ಆಗ ಬಹಿರಂಗವಾಗಿ ಅಭಯವಿತ್ತರು. ಎರಡು ವರ್ಷಗಳು ಕಳೆದುವು. 2016ರ ಆಗಸ್ಟಿನಲ್ಲಿ ನಿಬಂಧನೆಗಳು ಬದಲಾಗಿ, ಬಳಕೆದಾರರ ದೂರವಾಣಿ ಸಂಖ್ಯೆ ಮೊದಲಾದ ವಿವರಗಳು ಫೇಸ್‌ಬುಕ್ಕಿಗೆ ಹೋಗುವಂತಾಯಿತು. ಇವು ಫೇಸ್‌ಬುಕ್ಕಿನ ಜಾಹೀರಾತಿಗೆ ಬಳಕೆಯಾಗುವುದು ಬೇಡವೆನ್ನುವುದಕ್ಕೆ ಹಳೆಯ ಬಳಕೆದಾರರಿಗೆ ಕೊಟ್ಟ ಅವಧಿ 30 ದಿನಗಳು ಮಾತ್ರ. ಎರಡು ಕಂಪೆನಿಗಳ ಖಾತೆಗಳನ್ನು ಹೊಂದಿಸಿ ನೋಡುವ ವಿಷಯದಲ್ಲಿ ಕೊಳ್ಳುವಾಗ ತಪ್ಪು ಮಾಹಿತಿಯನ್ನು ಕೊಟ್ಟಿತೆಂದು ಯೂರೋಪಿಯನ್ ಆಯೋಗವು 2017ರಲ್ಲಿ ಫೇಸ್‌ಬುಕ್ಕಿಗೆ 11 ಕೋಟಿ ಯೂರೋಗಳ ದಂಡವನ್ನು ವಿಧಿಸಿತು. ಕೊಟ್ಟ ಮಾತು ಹೀಗೆ ಕಣ್ಣೆದುರಿಗೇ ಕರಗಿದ ಮೇಲೆ, ಮುಂದಿನ ಮಾತನ್ನು ಜನರು ಆಪ್ತವಾಕ್ಯವೆಂದು ಭಾವಿಸುವುದು ಹೇಗೆ?

2021ರ ಜನವರಿಯಲ್ಲಿ ಮತ್ತೊಂದು ಬದಲಾವಣೆ ಬಂದಿತು. ಫೆಬ್ರವರಿ 8ರೊಳಗಾಗಿ ಹೊಸ ನಿಬಂಧನೆಗಳನ್ನು ಒಪ್ಪಬೇಕು. ಒಪ್ಪದವರಿಗೆ ವಾಟ್ಸಾಪು ದೊರೆಯದು ಎಂಬುದು ಅದರ ತಾತ್ಪರ್ಯ. ಜನರು ಈ ಸಲ ಸುಮ್ಮನಿರಲಿಲ್ಲ. ಅಸಂಖ್ಯ ಮಂದಿ ಸಿಗ್ನಲ್, ಟೆಲಿಗ್ರಾಂ ಎಂಬ ಬೇರೆ ಆಪ್‌ಗಳಿಗೆ ಹೊರಟರು. ಯೂರೋಪಿನವರಿಗೆ ಒಂದು ಬಗೆ, ನಮ್ಮವರಿಗೆ ಇನ್ನೊಂದು ಬಗೆ ಏಕೆಂದು ಭಾರತ ಸರ್ಕಾರವೂ ಕಂಪೆನಿಯನ್ನು ಕೇಳಿತು. ಕಂಪೆನಿಯು ನಮ್ಮ ದೇಶದ ವೃತ್ತಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತುಗಳ ಮೂಲಕ ಸಮಾಧಾನ ಹೇಳಬೇಕಾಯಿತು. ಗಡುವು ಮೇ 15ಕ್ಕೆ ಮುಂದೆ ಹೋಯಿತು. ಆ ದಿನ ಬಂದರೂ ಒಪ್ಪದವರ ಖಾತೆಗಳನ್ನು ಅಳಿಸಲಿಲ್ಲ. ಆದುದರಿಂದ “ನಾವು ಬೇಡವೆಂದರೆ ಅವರು ಬಿಡುತ್ತಾರೆಯೇ?” ಎಂಬ ಮೊದಲನೆಯ ಉತ್ತರವು ಅರ್ಧಸತ್ಯವೆಂದೇ ಹೇಳಬೇಕು. ಒಬ್ಬನ ಮಾತಿಗೆ ಅವರು ಕಿವಿಗೊಡಲಿಕ್ಕಿಲ್ಲ. ಹಲವರು ಒಂದೇ ಕಾಲದಲ್ಲಿ ಎದ್ದು ನಿಂತರೆ ಕಿವಿಗೊಡದೆ ಇರಲಾರರು.

ಅದೇ ಸಂದರ್ಭದಲ್ಲಿ ಅಪನಂಬಿಕೆಯ ಇನ್ನೊಂದು ಮುಖವೂ ಕಾಣಿಸಿಕೊಂಡಿತು. ಗಂಡ ಹೆಂಡಿರ ಮಾತನ್ನೂ ಮಕ್ಕಳ ಕಾಗದವನ್ನೂ ಇನ್ನು ಮೇಲೆ ಕಂಪೆನಿಯವರು ಓದುವರೆಂಬ ವದಂತಿಯು ಊರೂರಿಗೂ ಹಬ್ಬಿತು. ಇದು ನಿಜವಾಗಿರಲಿಲ್ಲ. ಕಳುಹಿಸಿದವರು ಮತ್ತು ಪಡೆದವರು ಹೊರತು ನಡುವೆ ಯಾರೂ ಓದಲಾಗದಂತೆ ಖಾಸಗಿ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಏರ್ಪಾಡು 2016ರಿಂದಲೇ ಇದ್ದಿತು. ಹೊಸ ನಿಬಂಧನೆಗಳು ಅದನ್ನು ಮುಟ್ಟಲಿಲ್ಲ. ಪ್ರಶ್ನೆಯಿದ್ದುದು ಕಾಗದದೊಳಗಿನ ಮಾತಿನದಲ್ಲ. ಲಕೋಟೆಯ ಮೇಲಿನ ವಿವರಗಳದು ಮತ್ತು ವ್ಯಾಪಾರಸಂಸ್ಥೆಗಳೊಡನೆ ನಾವು ನಡೆಸುವ ವ್ಯವಹಾರದ್ದು. ಯಾವುದನ್ನೂ ನಂಬೆನೆಂದು ಹೊರಟವರು, ಬಾಯಿಂದ ಬಾಯಿಗೆ ಬಂದ ವದಂತಿಯನ್ನು ಮಾತ್ರ ವಿಚಾರಿಸದೆ ನಂಬಿಬಿಟ್ಟರು!

ನಮ್ಮ ನ್ಯಾಯಶಾಸ್ತ್ರವು ಹೇಳುವ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು, ವಿತಂಡವೂ ಒಂದು. ಸಂಶಯವು ವಿಚಾರಕ್ಕೆ ಬಾಗಿಲನ್ನು ತೆರೆಯುತ್ತದೆ. ಅದರ ಗುರಿ ನಿರ್ಣಯ. ವಿತಂಡವಾದರೋ ಎದುರಾಳಿಯ ಮಾತನ್ನು ಹೊಡೆದುಹಾಕುತ್ತದೆಯೇ ಹೊರತು ತನ್ನದೆಂಬ ಪಕ್ಷವನ್ನು ಸ್ಥಾಪಿಸುವುದಿಲ್ಲ. ಕಂಪೆನಿಗಳ ವಿಷಯದಲ್ಲಿ ನಮಗಿರಬೇಕಾದುದು ಸಂಶಯ, ಬೆಳೆದಿರುವುದು ವಿತಂಡ. ಎಲ್ಲರೂ ಕಳ್ಳರೆಂದು ಹೇಳಿ, ಅದೇ ಉಸಿರಿನಲ್ಲಿ “ಒಪ್ಪಿದೆ” ಎಂಬುದನ್ನು ಒತ್ತುವವನಿಂದ ಕಂಪೆನಿಗೆ ಯಾವ ತೊಂದರೆಯೂ ಇಲ್ಲ. ಅವನು ಅದರ ಅತ್ಯುತ್ತಮ ಗ್ರಾಹಕ.

ಎರಡನೆಯ ಉತ್ತರಕ್ಕೆ ನ್ಯಾಯಸ್ಥಾನಗಳೇ ಸಮಾಧಾನ ಹೇಳಿವೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತೈದನ್ನು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಎಲ್ಲವೂ ಕೈಮೀರಿತೆಂದು ಅವರು ಮನೆಯಲ್ಲಿ ಕುಳಿತಿರಬಹುದಾಗಿತ್ತು. ಅವರ ಹೆಸರಿನ ಆ ವ್ಯಾಜ್ಯದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತಿತು. 2021ರ ವಾಟ್ಸಾಪ್ ನಿಬಂಧನೆಗಳ ವಿಷಯವಾಗಿ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ, ಈಗ ಮೆಟಾ ಎಂಬ ಹೆಸರಿರುವ ಆ ಕಂಪೆನಿಗೆ 213.14 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಜಾಹೀರಾತಿಗಾಗಿ ವಿವರಗಳನ್ನು ಹಂಚಿಕೊಳ್ಳುವುದರ ಮೇಲೆ ಆಯೋಗವು ಹಾಕಿದ್ದ ಐದು ವರ್ಷಗಳ ನಿಷೇಧವನ್ನು ಮೇಲ್ಮನವಿ ನ್ಯಾಯಮಂಡಳಿಯು 2025ರ ನವೆಂಬರಿನಲ್ಲಿ ತೆಗೆದುಹಾಕಿತಾದರೂ ದಂಡವನ್ನು ಎತ್ತಿಹಿಡಿಯಿತು. ಗೆಲವು ಪೂರ್ಣವಲ್ಲ, ಆದರೆ ಪ್ರಯತ್ನವು ವ್ಯರ್ಥವೂ ಅಲ್ಲ.

ಮೂರನೆಯ ಉತ್ತರವೇ ಎಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದುದು. ನಮ್ಮಲ್ಲಿ ಮುಚ್ಚಿಡತಕ್ಕದ್ದು ಏನೂ ಇಲ್ಲದಿರಬಹುದು. ಆದರೆ ಮೊಬೈಲಿನಲ್ಲಿರುವುದೆಲ್ಲವೂ ನಮ್ಮದೇ ಅಲ್ಲ. ಮಗಳ ಬೀಗರು, ನೆರೆಮನೆಯ ವಿಧವೆ, ವೈದ್ಯರು, ಹಾಲಿನವನು, ಹಳೆಯ ಸ್ನೇಹಿತರು ಇವರೆಲ್ಲರೂ ನಮ್ಮನ್ನು ನಂಬಿ ತಮ್ಮ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಆ ಪಟ್ಟಿಯನ್ನು ನೋಡಲು ಯಾವುದೋ ಒಂದು ಆಪ್ ಅನುಮತಿ ಕೇಳಿದಾಗ ನಾವು “ಒಪ್ಪಿದೆ” ಎಂದರೆ, ಅವರೆಲ್ಲರ ಪರವಾಗಿಯೂ ಒಪ್ಪಿದಂತಾಗುವುದಿಲ್ಲವೇ? ಮನುವು ಹೇಳಿದ ಹದಿನೆಂಟು ವ್ಯವಹಾರಪದಗಳಲ್ಲಿ ಕೊಟ್ಟ ಒಪ್ಪಂದವನ್ನು ಮೀರುವ ಸಂವಿದ್‌ವ್ಯತಿಕ್ರಮವೂ ಇದೆ. ನಂಬಿ ಇಟ್ಟ ಒಡವೆಯ ವಿಷಯವಾದ ನಿಕ್ಷೇಪವೂ ಇದೆ. ಮೊದಲನೆಯದನ್ನು ಹಿಡಿದು ನಾವು ಕಂಪೆನಿಗಳನ್ನು ದೂರುತ್ತೇವೆ, ದೂರುವುದು ನ್ಯಾಯವೇ. ಎರಡನೆಯದು ನಮ್ಮ ಕಡೆಗೇ ಬೆರಳು ತೋರಿಸುತ್ತದೆ. ನಂಟರ ಸಂಖ್ಯೆಗಳು ನಮ್ಮಲ್ಲಿ ಇಟ್ಟ ನಿಕ್ಷೇಪ. ಇಟ್ಟ ಒಡವೆಯನ್ನು ನೋಡದೆ ಪರರಿಗೆ ಕೊಟ್ಟವನು, ಪರರು ಕೆಟ್ಟವರೆಂದು ಬೈದ ಮಾತ್ರಕ್ಕೆ ನಿರ್ದೋಷಿಯಾಗಲಾರನು.

ಹಾಗಾದರೆ ವರ್ಷಕ್ಕೆ 244 ಗಂಟೆಗಳ ಕಾಲ ಓದುತ್ತ ಕೂರಬೇಕೇ? ಬೇಕಿಲ್ಲ. ನಿಬಂಧನೆ ಬದಲಾಯಿತೆಂಬ ಸೂಚನೆ ಬಂದಾಗ ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿಕೊಂಡರೆ ಸಾಕು: ಏನನ್ನು ತೆಗೆದುಕೊಳ್ಳುತ್ತಾರೆ? ಯಾರಿಗೆ ಕೊಡುತ್ತಾರೆ? ಬೇಡವೆನ್ನುವುದಕ್ಕೆ ದಾರಿಯುಂಟೇ? ಇದು ತಿಳಿಯದಿದ್ದರೆ ಮನೆಯ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಬಹುದು. ಮೊಬೈಲಿನ ಸೆಟಿಂಗ್ಸಿನಲ್ಲಿ ಯಾವ ಯಾವ ಆಪಿಗೆ ನಮ್ಮ ಪಟ್ಟಿ, ನಾವಿರುವ ಸ್ಥಳ, ಮೈಕು ಇವುಗಳ ಅನುಮತಿ ಇದೆಯೆಂಬುದನ್ನು ತಿಂಗಳಿಗೊಮ್ಮೆ ನೋಡಿ, ಬೇಡವಾದುದನ್ನು ಹಿಂದಕ್ಕೆ ಪಡೆಯಬಹುದು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯಂತೆ ಇಂಥ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವಿರಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವಂತಿರಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯವಾದ ಬಾಧ್ಯತೆಗಳು ಹದಿನೆಂಟು ತಿಂಗಳ ತರುವಾಯ ಜಾರಿಗೆ ಬರುವಂತೆ ಗೊತ್ತುಮಾಡಿದ್ದಾರೆ.

ಕಾಯಿದೆಯು ಹಕ್ಕನ್ನು ಕೊಡಬಲ್ಲುದು. ಕೇಳುವ ಬಾಯನ್ನು ಕೊಡಲಾರದು. ಕನ್ನಡದಲ್ಲಿ ಓದುವ ಅವಕಾಶ ಬಂದಾಗಲೂ ಓದುವವರಿಲ್ಲದಿದ್ದರೆ ಅದು ಬಂದೂ ಬಾರದಂತೆಯೇ. ಆದುದರಿಂದ ಮುಂದಿನ ಸಲ ಮೊಬೈಲಿನಲ್ಲಿ ಆ ಸೂಚನೆ ಮೂಡಿದಾಗ, ವಾಚಕರು ಹಾಲಿನ ಪಾತ್ರೆಯನ್ನು ಮೊದಲು ಒಲೆಯಿಂದ ಇಳಿಸಲಿ, ಕನ್ನಡಕವನ್ನು ಹಾಕಿಕೊಳ್ಳಲಿ, ಆಮೇಲೆ ಬೆರಳನ್ನು ಎತ್ತಲಿ.