ಎಳೆಯರ ನೋವು

ಹಸುಗೂಸು ಅತ್ತಾಗ ತಾಯಿ ಅದರ ಹೊಟ್ಟೆಯನ್ನು ಮುಟ್ಟಿ ನೋಡುತ್ತಾಳೆ. ಕಿವಿಯ ಬಳಿ ಮೆಲ್ಲನೆ ಒತ್ತಿ ನೋಡುತ್ತಾಳೆ. ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಮಾತು ಬಾರದ ಜೀವದ ನೋವನ್ನು ಅರಿಯಲು ಅವಳು ಮಾಡುವ ಈ ಪ್ರಯತ್ನವೂ ಒಂದು ಬಗೆಯ ಸಂಶೋಧನೆಯೇ. ತಾಯಂದಿರು ಎಂದಿನಿಂದಲೂ ಬಲ್ಲ ಈ ನೋವನ್ನು ವೈದ್ಯಶಾಸ್ತ್ರವು ಪೂರ್ಣವಾಗಿ ಒಪ್ಪಿಕೊಂಡುದು ಮಾತ್ರ ತೀರ ಈಚೆಗೆ.

ನವಜಾತ ಶಿಶುಗಳ ನರಮಂಡಲ ಬಲಿತಿರುವುದಿಲ್ಲ, ಆದುದರಿಂದ ಅವುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂದು ಇಪ್ಪತ್ತನೆಯ ಶತಮಾನದ ಬಹುಕಾಲ ಅನೇಕ ವೈದ್ಯರು ನಂಬಿದ್ದರು. ಪ್ರಬಲವಾದ ಔಷಧ ಎಳೆಯ ಜೀವಕ್ಕೆ ಅಪಾಯ ತಂದೀತೆಂಬ ಭಯವೂ ಇತ್ತು. ಹೀಗಾಗಿ ಎಷ್ಟೋ ಕೂಸುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತೀಯ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಅವರೂ ಅವರ ಸಂಗಡಿಗರೂ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಅವಧಿಗೆ ಮುನ್ನ ಹುಟ್ಟಿದ ಕೆಲವು ಶಿಶುಗಳಿಗೆ, ಶಸ್ತ್ರಚಿಕಿತ್ಸೆಯ ವೇಳೆ ವಾಡಿಕೆಯ ಅರಿವಳಿಕೆಯೊಡನೆ ಫೆಂಟನಿಲ್ ಎಂಬ ನೋವುನಿವಾರಕವನ್ನೂ ಕೊಟ್ಟರು. ಅದನ್ನು ಪಡೆದ ಕೂಸುಗಳ ದೇಹ ಉಳಿದವುಗಳಷ್ಟು ತತ್ತರಿಸಲಿಲ್ಲ. ಅನಂತರದ ತೊಡಕುಗಳೂ ಕಡಮೆಯಾಗಿದ್ದವು. 1987ರಲ್ಲಿ ಪ್ರಕಟವಾದ ಈ ಅಧ್ಯಯನ ವೈದ್ಯರ ಕಣ್ಣು ತೆರೆಯಿಸಿತು.

ಈ ಅರಿವು ಅತ್ಯಂತ ಅಗತ್ಯವಾಗುವುದು, ಗುಣವಾಗುವ ಭರವಸೆಯಿಲ್ಲದ ಕಾಯಿಲೆಗೆ ತುತ್ತಾದ ಮಕ್ಕಳ ವಿಷಯದಲ್ಲಿ. ಅವರ ನೋವು, ಉಸಿರಾಟದ ತೊಂದರೆ, ಭಯ, ಒಂಟಿತನಗಳನ್ನು ತಗ್ಗಿಸುವ ಶುಶ್ರೂಷೆಗೆ ಉಪಶಾಮಕ ಆರೈಕೆ ಎಂದು ಹೆಸರು. ಇದು ಚಿಕಿತ್ಸೆಯನ್ನು ಕೈಬಿಡುವುದಲ್ಲ. ರೋಗ ಪತ್ತೆಯಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ಇದು ಆರಂಭವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಹೇಳಿತು. ಇಂಥ ಮಕ್ಕಳಿಗೆಂದೇ ಮೀಸಲಾದ ಮೊದಲ ಆರೈಕೆಯ ಮನೆ, ಹೆಲೆನ್ ಹೌಸ್, 1982ರಲ್ಲಿ ಆಕ್ಸ್‌ಫರ್ಡ್‌ನಲ್ಲಿಯೇ ತೆರೆದಿತ್ತು.

ಆದರೆ ಒಳ್ಳೆಯ ಮನಸ್ಸೊಂದೇ ಸಾಲದು. ಯಾವ ಉಪಾಯದಿಂದ ನೋವು ನಿಜವಾಗಿ ತಗ್ಗುತ್ತದೆಂಬ ತಿಳಿವಳಿಕೆಯೂ ಬೇಕು. ಅದನ್ನು ಪಡೆಯುವ ದಾರಿ ಸುಗಮವಲ್ಲ. ಮಗು ಚಿಕ್ಕ ಗಾತ್ರದ ದೊಡ್ಡವನಲ್ಲ. ಹಿರಿಯರಿಗೆ ಒಗ್ಗುವ ಔಷಧದ ಪ್ರಮಾಣವನ್ನು ಸುಮ್ಮನೆ ಭಾಗಿಸಿ ಕೊಡಲಾಗದು. ಮಕ್ಕಳ ಇಂಥ ಕಾಯಿಲೆಗಳಲ್ಲಿ ಎಷ್ಟೋ ವಿರಳವಾದವು. ಒಂದೇ ಆಸ್ಪತ್ರೆಯಲ್ಲಿ ಒಂದೇ ರೋಗದ ಹಲವು ಮಕ್ಕಳು ಸಿಗುವುದಿಲ್ಲ. ನೋವನ್ನು ಅಳೆಯುವುದೂ ಕಷ್ಟ. 1983ರಲ್ಲಿ ಅಮೆರಿಕದ ಡೋನಾ ವಾಂಗ್ ಮತ್ತು ಕಾನಿ ಬೇಕರ್ ಇದಕ್ಕೊಂದು ಸರಳ ಉಪಾಯ ಕಂಡುಹಿಡಿದರು. ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳ ಚಿತ್ರ. ತನ್ನ ನೋವಿಗೆ ಹೊಂದುವ ಮುಖವನ್ನು ಮಗುವೇ ತೋರಿಸಬೇಕು. ಬೆರಳು ತೋರಿಸಲೂ ಆಗದ ಮಕ್ಕಳ ನೋವನ್ನು ತಿಳಿಯುವುದು ಇಂದಿಗೂ ಸಂಶೋಧಕರ ಮುಂದಿರುವ ದೊಡ್ಡ ಸವಾಲು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಹಿರಿಯರ ಅಳುಕು. ದುಃಖದಲ್ಲಿರುವವರನ್ನು ಪ್ರಶ್ನಿಸುವುದು ಹೇಗೆ, ಮಗುವಿನ ಮುಂದೆ ಸಾವಿನ ಮಾತೆತ್ತುವುದು ಹೇಗೆ ಎಂದು ನಾವು ಹಿಂಜರಿಯುತ್ತೇವೆ. ಈ ಹಿಂಜರಿಕೆ ಸಹಜವಾದುದೇ. ಆದರೆ ಸ್ವೀಡನ್ ದೇಶದಲ್ಲಿ, ಕ್ಯಾನ್ಸರ್‌ನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರನ್ನು ವಿಚಾರಿಸಿದ ಸಂಶೋಧಕರು 2004ರಲ್ಲಿ ಬೇರೊಂದು ಸತ್ಯವನ್ನು ಮುಂದಿಟ್ಟರು. ಮಗುವಿನೊಡನೆ ಸಾವಿನ ವಿಷಯ ಮಾತನಾಡಿದ 147 ಮಂದಿಯಲ್ಲಿ ಒಬ್ಬರೂ ಅದಕ್ಕಾಗಿ ಪಶ್ಚಾತ್ತಾಪಪಟ್ಟಿರಲಿಲ್ಲ. ಮಾತನಾಡದೆ ಉಳಿದವರಲ್ಲಿ ನೂರಕ್ಕೆ 27 ಮಂದಿ, ಮಾತನಾಡಬೇಕಾಗಿತ್ತೆಂದು ಕೊರಗುತ್ತಿದ್ದರು.

ಆಗಬೇಕಾದ ಕೆಲಸ ಬಹಳವಿದೆ. ಹಲವು ಆಸ್ಪತ್ರೆಗಳು, ಹಲವು ದೇಶಗಳು ಒಂದುಗೂಡಿ ಅಧ್ಯಯನ ನಡೆಸಬೇಕು. ಮನೆಯಲ್ಲಿಯೇ ಆರೈಕೆ ಮಾಡುವ ಬಗೆಯನ್ನು ಅರಿಯಬೇಕು. ಕಾಯಿಲೆಯ ಮಗುವಿನ ಅಣ್ಣ, ತಂಗಿಯರ ಮೂಕ ಸಂಕಟಕ್ಕೂ ಕಿವಿಗೊಡಬೇಕು. ಇವೆಲ್ಲವೂ ಆರಂಭವಾಗಬೇಕಾದುದು ಮಗುವನ್ನು ಕೇಳುವುದರಿಂದ.

ನಿಮ್ಮ ಸಹಪಾಠಿಯೊಬ್ಬನು ಬಹುದಿನಗಳಿಂದ ಹಾಸಿಗೆ ಹಿಡಿದಿರಬಹುದು. ಅವನ ಮನೆಗೆ ಹೋದವರು ಸಾಮಾನ್ಯವಾಗಿ ಹಿರಿಯರನ್ನು, ‘ಅವನಿಗೆ ಹೇಗಿದೆ?’ ಎಂದು ವಿಚಾರಿಸುತ್ತಾರೆ. ಅವನು ಪಕ್ಕದಲ್ಲಿಯೇ ಮಲಗಿ ಕೇಳುತ್ತಿರುತ್ತಾನೆ. ನೀವು ಹೋದಾಗ ಅವನ ಬಳಿ ಕುಳಿತು, ‘ನಿನಗೆ ಹೇಗಿದೆ?’ ಎಂದು ಕೇಳಿರಿ. ಅವನು ಹೇಳುವವರೆಗೂ ಕಾದಿರಿ.