ಓಡಿಹೋದವರೆಲ್ಲ ಒಂದೇ ಅಲ್ಲ

ಬೆಂಗಳೂರಿನ ಕುಮಾರ ಪಾರ್ಕಿಗೆ ಸಮೀಪದಲ್ಲೇ 1989ರಲ್ಲಿ ಆರಂಭವಾದ ನೆಹರೂ ತಾರಾಲಯವಿದೆ. ಆಕಾಶ ನೋಡಲು ಅಲ್ಲಿಗೆ ಹೋಗುವ ಹಿರಿಯ ತರಗತಿಯ ಮಕ್ಕಳಿಗೆ ‘ಎಸ್ಕೇಪ್ ವೆಲಾಸಿಟಿ’ ಪರಿಚಿತ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೆಲದಿಂದ ಸೆಕೆಂಡಿಗೆ 11.2 ಕಿ.ಮೀ. ವೇಗದಲ್ಲಿ ಚಿಮ್ಮಿದ ವಸ್ತು ಭೂಮಿಗೆ ಮರಳುವುದಿಲ್ಲ. ಕನ್ನಡದಲ್ಲಿ ಇದು ‘ವಿಮೋಚನಾ ವೇಗ’. ‘ಪಲಾಯನ’ ಎಂದಿದ್ದರೆ ಗಗನನೌಕೆ ಹೆದರಿ ಓಡಿದಂತೆ ಕೇಳಿಸುತ್ತಿತ್ತು!

ಓಡಿಹೋಗುವುದಕ್ಕೆ ಇಂಗ್ಲಿಷಿನಲ್ಲಿ ಮಾತುಗಳು ಹಲವು. ಅಪಾಯಕ್ಕೆ ಅಂಜಿ ಓಡಿದರೆ ‘ಫ್ಲೀ’. ಹಿಡಿತದಿಂದ ಬಿಡಿಸಿಕೊಂಡರೆ ‘ಎಸ್ಕೇಪ್’. ಕಾನೂನಿಗೆ ಸಿಗದಂತೆ ಅಡಗಿದರೆ ‘ಅಬ್‌ಸ್ಕಾಂಡ್’. ಮದುವೆಯಾಗಲು ಪ್ರೇಮಿಗಳು ಗುಟ್ಟಾಗಿ ಹೊರಟರೆ ‘ಎಲೋಪ್’. ಕನ್ನಡವೇನೂ ಬಡವಲ್ಲ. ಆರೋಪಿ ತಲೆಮರೆಸಿಕೊಳ್ಳುತ್ತಾನೆ, ಸಾಲಗಾರ ಕಂಬಿ ಕೀಳುತ್ತಾನೆ, ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಎಂಥವರೂ ಕಾಲಿಗೆ ಬುದ್ಧಿ ಹೇಳುತ್ತಾರೆ.

ಆದರೂ ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸನ್ನು ಊರು ‘ಓಡಿಹೋದವಳು’ ಎಂದೇ ಕರೆಯುತ್ತದೆ. ಆ ಮಾತಿನಲ್ಲಿ ತಪ್ಪು ಅವಳದಾಗುತ್ತದೆ. ‘ತಪ್ಪಿಸಿಕೊಂಡು ಬಂದಳು’ ಎಂದು ನೋಡಿ; ಯಾರಿಂದ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಗಗನನೌಕೆಗೆ ತೋರಿದ ಎಚ್ಚರವನ್ನು ಅವಳಿಗೂ ತೋರಬಹುದು.