ಫ್ಲೈಟ್ ಮೋಡ್ ಹಾಕಿದ ಮೇಲೂ ಬ್ಲೂಟೂತ್ ಆನ್ ಇರಬಹುದಾ?

ಈ ಸಂಚಿಕೆಯನ್ನು ನಿಮ್ಮಲ್ಲಿ ಹೆಚ್ಚಿನವರು ವೈರ್ ಇಲ್ಲದ ಇಯರ್‌ಬಡ್ಸ್ ಹಾಕ್ಕೊಂಡೇ ಕೇಳ್ತಾ ಇರ್ತೀರಿ. ಮೆಟ್ರೋದಲ್ಲಿ, ಬಸ್ಸಲ್ಲಿ, ಪಿಜಿ ರೂಮಲ್ಲಿ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ವಿಮಾನ ಹತ್ತಿದ ಮೇಲೆ ಮಾತ್ರ ಒಂದು ಸಣ್ಣ ಅನುಮಾನ ಶುರುವಾಗುತ್ತೆ.

ಕೆಲವು ತಿಂಗಳ ಹಿಂದೆ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಒಬ್ಬ ಕಾಲೇಜು ಹುಡುಗ, ಅವನದು ಮೊದಲ ವಿಮಾನ ಪ್ರಯಾಣ. ಘೋಷಣೆ ಕೇಳಿ ಫೋನ್ ತೆಗೆದು ಫ್ಲೈಟ್ ಮೋಡ್ ಒತ್ತಿದ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾ, ಬ್ಲೂಟೂತ್ ಇನ್ನೂ ಆನ್ ಇದೆ, ಹಾಡು ಬರ್ತಾನೇ ಇದೆ. ಇದನ್ನೂ ಆಫ್ ಮಾಡ್ಬೇಕಾ?" ಅಂದ. ನಾನು ಎಲ್ಲ ತಿಳಿದವನ ಹಾಗೆ, "ಏನೂ ಆಗಲ್ಲ, ಇರಲಿ ಬಿಡಪ್ಪ" ಅಂದೆ. ಎರಡೇ ನಿಮಿಷದಲ್ಲಿ ಗಗನಸಖಿ ಬಂದು ನಮ್ಮಿಬ್ಬರ ಕಿವಿಯಿಂದಲೂ ಬಡ್ಸ್ ತೆಗೆಸಿದರು. ಆ ಹುಡುಗ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಹಾಗಾದ್ರೆ ನಾನು ಹೇಳಿದ್ದು ತಪ್ಪಾ? ಅರ್ಧ ಸರಿ, ಅರ್ಧ ತಪ್ಪು. ಇವತ್ತು ಆ ಎರಡೂ ಅರ್ಧಗಳ ಬಗ್ಗೆ ಮಾತಾಡೋಣ.

ಮೊದಲು ಸರಿ ಇದ್ದ ಅರ್ಧ. ಫ್ಲೈಟ್ ಮೋಡ್ ಇರೋದು ಮುಖ್ಯವಾಗಿ ಫೋನಿನ ಸಿಮ್ ಸಿಗ್ನಲ್ ನಿಲ್ಲಿಸೋದಕ್ಕೆ. ನೆಲದ ಮೇಲೆ ನಿಮ್ಮ ಫೋನ್ ಹತ್ತಿರದ ಒಂದು ಟವರ್ ಜೊತೆ ಮಾತಾಡುತ್ತೆ. ವಿಮಾನ ಮೇಲೇರಿದಾಗ ಟವರ್ ದೂರವಾಗುತ್ತೆ, ಸಿಗ್ನಲ್ ಕೈಕೊಡುತ್ತೆ. ಆಗ ಫೋನ್ ಸುಮ್ಮನೆ ಕೂರೋದಿಲ್ಲ, ತನ್ನ ಪೂರ್ತಿ ಶಕ್ತಿ ಹಾಕಿ ಟವರ್ ಹುಡುಕುತ್ತೆ. ಹಳೇ 2ಜಿ ಫೋನುಗಳು ಹೀಗೆ ಹುಡುಕುವಾಗ 2 ವ್ಯಾಟ್‌ವರೆಗೂ ಶಕ್ತಿ ಹೊರಹಾಕುತ್ತಿದ್ದವು. ಆ ಕಾಲದಲ್ಲಿ ಟಿವಿ ಪಕ್ಕ ಫೋನ್ ಇಟ್ಟಾಗ, ಕಾಲ್ ಬರೋ ಮುಂಚೆ ಸ್ಪೀಕರಿನಲ್ಲಿ 'ಟರ್ರ್ ಟಕ್ ಟಕ್' ಅಂತ ಸದ್ದು ಬರ್ತಿತ್ತಲ್ಲ? ಮನೆಯಲ್ಲಿ ದೊಡ್ಡವರನ್ನು ಕೇಳಿ, ಗೊತ್ತಿರುತ್ತೆ. ಅದೇ ಸದ್ದು ಪೈಲಟ್ ಹೆಡ್‌ಸೆಟ್‌ನಲ್ಲೂ ಬರಬಹುದು. ಲ್ಯಾಂಡಿಂಗ್‌ಗೆ ಅನುಮತಿ ಕೊಡೋ ಧ್ವನಿ ಕೇಳಿಸಿಕೊಳ್ಳಬೇಕಾದ ಹೊತ್ತಲ್ಲಿ ಅದು ಯಾರಿಗೂ ಬೇಡ. ಈಗಿನ 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 200 ಮಿಲಿವ್ಯಾಟ್.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಹಾರುವ ವಿಮಾನದಲ್ಲಿ ಮೊಬೈಲ್ ಬಳಸಬಾರದು ಅಂತ 1991ರಲ್ಲಿ ನಿಷೇಧ ಹೇರಿದ್ದು ಅಲ್ಲಿನ ದೂರಸಂಪರ್ಕ ಆಯೋಗ. ಅದರ ಮುಖ್ಯ ಚಿಂತೆ ನೆಲದ ಮೇಲಿನ ಮೊಬೈಲ್ ನೆಟ್‌ವರ್ಕ್. ಆಕಾಶದಲ್ಲಿರೋ ಒಂದು ಫೋನ್ ಏಕಕಾಲಕ್ಕೆ ಹತ್ತಾರು ಟವರ್‌ಗಳಿಗೆ ಕಾಣುತ್ತೆ, ನೆಟ್‌ವರ್ಕ್ ಗೊಂದಲಕ್ಕೆ ಬೀಳುತ್ತೆ.

ಈಗ ಬ್ಲೂಟೂತ್‌ಗೆ ಬರೋಣ. ಅದಕ್ಕೆ ಟವರ್ ಬೇಡ. ನಿಮ್ಮ ಜೇಬಿನಿಂದ ಕಿವಿಗೆ ಇರೋ ಎರಡು ಮೂರು ಅಡಿ ದಾಟಿದರೆ ಸಾಕು. ಮಾಮೂಲಿ ಬ್ಲೂಟೂತ್ ಸಾಧನ ಹೊರಹಾಕೋದು ಕೆಲವೇ ಮಿಲಿವ್ಯಾಟ್. ಅದು ಕೆಲಸ ಮಾಡೋ ಜಾಗ 2402ರಿಂದ 2480 ಮೆಗಾಹರ್ಟ್ಸ್, ಅಂದ್ರೆ ನಿಮ್ಮ ಮನೆಯ ವೈಫೈ ಇರೋ ಜಾಗವೇ. ವಿಮಾನದ ಕಡೆ ನೋಡಿ: ಪೈಲಟ್ ಮತ್ತು ನಿಯಂತ್ರಣ ಕೇಂದ್ರ ಮಾತಾಡೋದು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ. ರನ್‌ವೇಗೆ ನೇರವಾಗಿ ಇಳಿಯಲು ದಾರಿ ತೋರಿಸೋ ಸಂಕೇತ ಬರೋದು 108ರಿಂದ 112ರ ನಡುವೆ. ಜಿಪಿಎಸ್ 1575ರ ಆಸುಪಾಸಿನಲ್ಲಿ. ನೆಲ ಎಷ್ಟು ಕೆಳಗಿದೆ ಅಂತ ಅಳೆಯೋ ರೇಡಿಯೋ ಆಲ್ಟಿಮೀಟರ್ 4200ರಿಂದ 4400ರ ನಡುವೆ. ಬ್ಲೂಟೂತ್ ಇವುಗಳಲ್ಲಿ ಯಾವುದರ ಹಾದಿಗೂ ಅಡ್ಡ ಬರೋದಿಲ್ಲ.

ಈ ಕಾರಣಕ್ಕೇ ನಿಯಮಗಳು ಸಡಿಲವಾದವು. 2013ರ ಅಕ್ಟೋಬರ್ 31ರಂದು ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ, ವಿಮಾನ ಗೇಟ್ ಬಿಟ್ಟಾಗಿನಿಂದ ಮತ್ತೆ ಗೇಟ್ ಸೇರೋವರೆಗೆ ಫ್ಲೈಟ್ ಮೋಡಿನಲ್ಲಿ ಸಾಧನಗಳನ್ನು ಬಳಸಲು ಬಿಡಬಹುದು ಅಂತ ಹೇಳಿತು. ವೈರ್‌ಲೆಸ್ ಕೀಬೋರ್ಡ್‌ನಂಥ ಬ್ಲೂಟೂತ್ ಸಾಧನಗಳನ್ನೂ ಬಳಸಬಹುದು ಅಂತ ಅದರಲ್ಲೇ ಇತ್ತು. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಸಿಎ, 2014ರಲ್ಲಿ ಫ್ಲೈಟ್ ಮೋಡ್ ಬಳಕೆಗೆ ಅವಕಾಶ ಕೊಟ್ಟಿತು. ಅದಕ್ಕೂ ಮುಂಚೆ ಟೇಕಾಫ್ ಹೊತ್ತಿಗೆ ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಬೇಕಿತ್ತು.

ಫೋನ್ ತಯಾರಿಸೋರೂ ಇದಕ್ಕೆ ಹೊಂದಿಕೊಂಡಿದ್ದಾರೆ. ಆಂಡ್ರಾಯ್ಡ್ 11ರಿಂದ ಈಚೆಗೆ, ಹೆಡ್‌ಫೋನ್ ಕನೆಕ್ಟ್ ಆಗಿದ್ದಾಗ ಫ್ಲೈಟ್ ಮೋಡ್ ಒತ್ತಿದರೂ ಬ್ಲೂಟೂತ್ ಕಡಿತವಾಗೋದಿಲ್ಲ. ಐಫೋನ್‌ನಲ್ಲಿ ಒಮ್ಮೆ ಫ್ಲೈಟ್ ಮೋಡಿನಲ್ಲಿ ಬ್ಲೂಟೂತ್ ಆನ್ ಮಾಡಿದರೆ ಮುಂದಿನ ಸಲಕ್ಕೂ ಅದು ನೆನಪಿಟ್ಟುಕೊಳ್ಳುತ್ತೆ. ನನ್ನ ಪಕ್ಕದ ಹುಡುಗನ ಹಾಡು ನಿಲ್ಲದೇ ಇದ್ದದ್ದು ಹೀಗೆ.

ಹಾಗಾದ್ರೆ ಗಗನಸಖಿ ಬಡ್ಸ್ ತೆಗೆಸಿದ್ದು ಯಾಕೆ? ಇಲ್ಲಿಂದ ನನ್ನ ತಪ್ಪಿನ ಅರ್ಧ ಶುರು.

2024ರ ಜನವರಿ 2. ಜಪಾನಿನ ಸಪ್ಪೊರೊ ಕಡೆಯಿಂದ ಬಂದ ಜಪಾನ್ ಏರ್‌ಲೈನ್ಸ್‌ನ 516ನೇ ವಿಮಾನ ಟೋಕಿಯೊದ ಹನೆಡಾ ನಿಲ್ದಾಣದಲ್ಲಿ ಇಳೀತಾ ಇತ್ತು. ರನ್‌ವೇ ಮೇಲೆ ಅದೇ ಹೊತ್ತಿಗೆ ಕರಾವಳಿ ರಕ್ಷಣಾ ಪಡೆಯ ಚಿಕ್ಕ ವಿಮಾನವೊಂದು ನಿಂತಿತ್ತು. ಎರಡೂ ಡಿಕ್ಕಿ ಹೊಡೆದವು. ಚಿಕ್ಕ ವಿಮಾನದಲ್ಲಿದ್ದ 6 ಜನರಲ್ಲಿ 5 ಜನ ತೀರಿಕೊಂಡರು. ದೊಡ್ಡ ವಿಮಾನದಲ್ಲಿ 379 ಜನ ಇದ್ದರು. ಬೆಂಕಿ ಹತ್ತಿಕೊಂಡಿತ್ತು, ಒಳಗೆ ಹೊಗೆ ತುಂಬ್ತಾ ಇತ್ತು. ಇದ್ದ 8 ಬಾಗಿಲುಗಳಲ್ಲಿ ಬಳಸೋಕೆ ಆಗಿದ್ದು 3 ಮಾತ್ರ. ಅಷ್ಟಾದರೂ 379 ಜನರೂ ಜೀವಸಹಿತ ಹೊರಬಂದರು.

ಆ ಹೊತ್ತಲ್ಲಿ ವಿಮಾನದ ಘೋಷಣಾ ವ್ಯವಸ್ಥೆಯೇ ಕೆಟ್ಟುಹೋಗಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಬರೀ ಗಂಟಲಿನಲ್ಲಿ ಕೂಗಿ, ಯಾವ ಬಾಗಿಲಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅಂತ ಹೇಳಬೇಕಾಯಿತು. ಅಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ, ಕಿವಿಯಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ಸ್, ಅದರಲ್ಲಿ ಜೋರಾಗಿ ಹಾಡು. ಮೊದಲ ಹತ್ತು ಸೆಕೆಂಡ್ ನಿಮಗೆ ಏನಾಗ್ತಿದೆ ಅಂತಲೇ ತಿಳಿಯೋದಿಲ್ಲ. ಹೊಸ ಮಾದರಿಯ ವಿಮಾನಕ್ಕೆ ಪ್ರಮಾಣಪತ್ರ ಕೊಡೋ ಮುಂಚೆ, ಅರ್ಧದಷ್ಟು ಬಾಗಿಲುಗಳಿಂದಲೇ ಎಲ್ಲರೂ 90 ಸೆಕೆಂಡಿನಲ್ಲಿ ಇಳಿಯಬಹುದು ಅಂತ ತೋರಿಸಬೇಕು. ಆ 90ರಲ್ಲಿ ಹತ್ತು ಸಣ್ಣದೇನಲ್ಲ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರಿಗೂ ಅದು ಹತ್ತು ಸೆಕೆಂಡೇ.

ನಾಯ್ಸ್ ಕ್ಯಾನ್ಸಲಿಂಗ್ ಹುಟ್ಟಿದ ಕಥೆಯೂ ವಿಮಾನದಲ್ಲೇ ಇದೆ ಅನ್ನೋದು ಮಜಾ. 1978ರಲ್ಲಿ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರ್ತಾ ಇದ್ದರು. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. ಬೋಸ್ ಕಂಪನಿ ಕಟ್ಟಿದ್ದು ಇವರೇ. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದಿನ ನಡುವೆ ಸಂಗೀತ ಸರಿಯಾಗಿ ಕೇಳಲಿಲ್ಲ. ಊರು ತಲುಪೋ ಮುಂಚೆಯೇ ಲೆಕ್ಕ ಹಾಕಲು ಕೂತರು. 1989ರಲ್ಲಿ ಅವರ ಕಂಪನಿ ಪೈಲಟ್‌ಗಳಿಗಾಗಿ ಅಂಥ ಹೆಡ್‌ಸೆಟ್ ಮಾರುಕಟ್ಟೆಗೆ ತಂತು. ಹೊರಗಿನ ಸದ್ದನ್ನು ಮೈಕ್ ಹಿಡಿಯುತ್ತೆ, ಅದಕ್ಕೆ ಸರಿಯಾಗಿ ಉಲ್ಟಾ ಇರೋ ಅಲೆಯನ್ನು ಸ್ಪೀಕರ್ ಹೊರಡಿಸುತ್ತೆ, ಎರಡೂ ಸೇರಿ ಒಂದನ್ನೊಂದು ನುಂಗಿ ಹಾಕುತ್ತವೆ. ಎಂಜಿನ್ನಿನ 'ಹೂಂ' ಅನ್ನೋ ಒಂದೇ ಸಮನೆಯ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಮನುಷ್ಯರ ಮಾತು ಅಷ್ಟು ಸುಲಭವಾಗಿ ಅಳಿಸೋದಿಲ್ಲ, ಆದರೆ ಕಿವಿ ಮುಚ್ಚಿದ ರಬ್ಬರ್ ತುದಿ ಮತ್ತು ಒಳಗಿನ ಹಾಡು ಸೇರಿದರೆ ಮಾತೂ ಹೋಗುತ್ತೆ.

ನಾನು ಇದರ ವಿರೋಧಿ ಅಂತ ತಿಳೀಬೇಡಿ. ಎಂಜಿನ್ ಸದ್ದನ್ನು ಮೀರಿಸಲು ಹಾಡಿನ ವಾಲ್ಯೂಮ್ ಏರಿಸೋದಕ್ಕಿಂತ ಆ ಸದ್ದನ್ನೇ ಕಡಿಮೆ ಮಾಡೋದು ನಿಮ್ಮ ಕಿವಿಗೆ ಎಷ್ಟೋ ಒಳ್ಳೆಯದು. ದಾರಿ ನಡುವೆ ಧಾರಾಳವಾಗಿ ಹಾಕ್ಕೊಳ್ಳಿ. ನಾನು ಹೇಳ್ತಿರೋದು ಟೇಕಾಫ್, ಲ್ಯಾಂಡಿಂಗ್ ಮತ್ತು ಸುರಕ್ಷತಾ ವಿವರಣೆಯ ಹೊತ್ತಿನ ಬಗ್ಗೆ.

ಇನ್ನೊಂದು ವ್ಯತ್ಯಾಸ ಗಮನಿಸಿ. ದೊಡ್ಡ ವಿಮಾನಗಳಲ್ಲಿ ಎದುರು ಸೀಟಿನ ಹಿಂದೆ ಸ್ಕ್ರೀನ್ ಇರುತ್ತಲ್ಲ, ಅದಕ್ಕೆ ವೈರ್ ಚುಚ್ಚಿ ಸಿನಿಮಾ ನೋಡುವಾಗ ಪೈಲಟ್ ಮಾತಾಡಿದರೆ ಸಿನಿಮಾ ತಾನಾಗೇ ನಿಂತು ಅವರ ಧ್ವನಿ ನಿಮ್ಮ ಹೆಡ್‌ಫೋನಿಗೇ ಬರುತ್ತೆ. ನಿಮ್ಮದೇ ಫೋನು, ನಿಮ್ಮದೇ ಬ್ಲೂಟೂತ್ ಆದರೆ ಹಾಗೆ ಆಗೋದಿಲ್ಲ. ನಿಮ್ಮ ಹಾಡಿಗೂ ವಿಮಾನಕ್ಕೂ ಸಂಬಂಧವೇ ಇಲ್ಲ. ನಮ್ಮ ದೇಶದೊಳಗೆ ಹಾರೋ ಕಡಿಮೆ ದರದ ವಿಮಾನಗಳಲ್ಲಿ ಸ್ಕ್ರೀನೇ ಇರಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಹೋಗೋ ವಿಮಾನದಲ್ಲಿ ಎಲ್ಲರ ಕಿವಿಯಲ್ಲೂ ಅವರವರ ಫೋನಿನ ಹಾಡು. ಆದ್ದರಿಂದ ಸಿಬ್ಬಂದಿ ಬಂದು ತೋಳು ತಟ್ಟಬೇಕಾಗುತ್ತೆ. ನಿಮ್ಮ ಬಡ್ಸ್‌ನಲ್ಲಿ ಹೊರಗಿನ ಸದ್ದು ಒಳಬಿಡೋ ಟ್ರಾನ್ಸ್‌ಪರೆನ್ಸಿ ಮೋಡ್ ಇದ್ದರೂ ನೋಡಿದವರಿಗೆ ಅದು ತಿಳಿಯಲ್ಲ. ತೆಗೀರಿ ಅಂದ್ರೆ ತೆಗೆದುಬಿಡಿ, ವಾದ ಬೇಡ. ವಿಮಾನದಲ್ಲಿ ಯಾವ ಸಾಧನ ಯಾವಾಗ ಬೇಡ ಅನ್ನೋದರಲ್ಲಿ ಕೊನೆಯ ಮಾತು ಕ್ಯಾಪ್ಟನ್‌ದು. ಕಿವಿ ಕೇಳದವರು ಹಾಕೋ ಶ್ರವಣಯಂತ್ರದ ಮಾತು ಬೇರೆ, ಅದನ್ನು ತೆಗೆಯೋ ಅಗತ್ಯ ಇಲ್ಲ.

ಬ್ಲೂಟೂತ್ ಅಲೆಗಿಂತ ನಾವು ಹೆಚ್ಚು ಹೆದರಬೇಕಾದ್ದು ಆ ಸಾಧನದ ಬ್ಯಾಟರಿಗೆ. 2017ರ ಫೆಬ್ರುವರಿಯಲ್ಲಿ ಬೀಜಿಂಗ್‌ನಿಂದ ಮೆಲ್ಬರ್ನ್‌ಗೆ ಹೋಗ್ತಿದ್ದ ವಿಮಾನದಲ್ಲಿ ಒಬ್ಬ ಮಹಿಳೆ ಬ್ಯಾಟರಿ ಇರೋ ಹೆಡ್‌ಫೋನ್ ಹಾಕ್ಕೊಂಡು ನಿದ್ದೆ ಹೋಗಿದ್ದರು. ಢಂ ಅಂತ ಸದ್ದಾಯಿತು, ಮುಖ ಉರಿಯೋಕೆ ಶುರುವಾಯಿತು. ಕಿತ್ತು ನೆಲಕ್ಕೆ ಎಸೆದರೆ ಅದು ಕಿಡಿ ಕಾರ್ತಾ ಇತ್ತು. ಸಿಬ್ಬಂದಿ ಬಕೆಟ್ ನೀರು ಸುರಿದರು. ಬ್ಯಾಟರಿ ಕರಗಿ ನೆಲಕ್ಕೆ ಅಂಟಿಕೊಂಡಿತ್ತು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಆಕೆಯ ಕಪ್ಪಾದ ಮುಖದ ಚಿತ್ರವನ್ನೇ ಪ್ರಕಟಿಸಿ ಜನರನ್ನು ಎಚ್ಚರಿಸಿತು. ಇಂಥದ್ದು ಅಪರೂಪ. ಆದರೂ ಬಡ್ಸ್ ಕೇಸ್, ಪವರ್ ಬ್ಯಾಂಕ್ ನಿಮ್ಮ ಕೈಚೀಲದಲ್ಲೇ ಇರಲಿ ಅನ್ನೋದು ಈ ಕಾರಣಕ್ಕೆ. ಕ್ಯಾಬಿನ್‌ನಲ್ಲಿ ಹೊಗೆ ಬಂದರೆ ಯಾರಾದರೂ ನೋಡ್ತಾರೆ, ನೀರು ಹಾಕ್ತಾರೆ. ಕೆಳಗೆ ಲಗೇಜ್ ಇಡೋ ಜಾಗದಲ್ಲಿ ಯಾರೂ ಇರಲ್ಲ. ಕೇಸ್ ಊದಿಕೊಂಡಿದ್ದರೆ, ವಿಪರೀತ ಬಿಸಿಯಾಗ್ತಿದ್ದರೆ ಪ್ರಯಾಣಕ್ಕೆ ತರಲೇಬೇಡಿ.

ಲಗೇಜ್ ಅಂದ ಕೂಡಲೇ ಏರ್‌ಟ್ಯಾಗ್ ಥರದ ಟ್ರ್ಯಾಕರ್ ನೆನಪಾಯಿತು. ಅದೂ ಬ್ಲೂಟೂತ್ ಸಾಧನವೇ. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲುಫ್ತಾನ್ಸಾ ಕಂಪನಿ ಲಗೇಜಿನಲ್ಲಿ ಟ್ರ್ಯಾಕರ್ ಆನ್ ಇರಬಾರದು ಅಂತ ಹೇಳಿ, ಕೆಲವೇ ದಿನಗಳಲ್ಲಿ ಮಾತು ಬದಲಿಸಿತು. ಅಷ್ಟು ಚಿಕ್ಕ ಬ್ಯಾಟರಿ, ಅಷ್ಟು ಕಡಿಮೆ ಸಿಗ್ನಲ್‌ನಿಂದ ಅಪಾಯವಿಲ್ಲ ಅಂತ ಜರ್ಮನಿಯ ವಿಮಾನಯಾನ ಅಧಿಕಾರಿಗಳೂ ಒಪ್ಪಿದರು. ಹಾಗಾಗಿ ಸೂಟ್‌ಕೇಸಿನಲ್ಲಿ ಅದು ಇರಲಿ. ಅದರೊಳಗೆ ಜಿಪಿಎಸ್ ಇಲ್ಲ ಅನ್ನೋದು ಮಾತ್ರ ನೆನಪಿರಲಿ. ಹತ್ತಿರ ಹಾದುಹೋಗೋರ ಫೋನುಗಳು ಅದನ್ನು ಗುರುತಿಸಿ ಸುದ್ದಿ ಕೊಡಬೇಕು. ಆಕಾಶದಲ್ಲಿದ್ದಾಗ ಅದು ಎಲ್ಲಿದೆ ಅಂತ ಹುಡುಕಿ ಗಾಬರಿ ಆಗ್ಬೇಡಿ.

ವಿಮಾನ ಹತ್ತೋ ಮುಂಚೆ ಏರ್‌ಡ್ರಾಪ್, ಕ್ವಿಕ್ ಶೇರ್‌ನಂಥವನ್ನು 'ಎಲ್ಲರಿಗೂ' ಅನ್ನೋದರಿಂದ ತೆಗೀರಿ. ಅಕ್ಕಪಕ್ಕದ ಫೋನ್ ಹುಡುಕೋಕೆ ಇವು ಬ್ಲೂಟೂತನ್ನೇ ಬಳಸ್ತವೆ. 2022ರ ಮೇ ತಿಂಗಳಲ್ಲಿ ಇಸ್ರೇಲಿನಿಂದ ಇಸ್ತಾಂಬುಲ್‌ಗೆ ಹೊರಟ ವಿಮಾನದಲ್ಲಿ ಪ್ರಯಾಣಿಕರ ಫೋನುಗಳಿಗೆ ವಿಮಾನ ಅಪಘಾತದ ಚಿತ್ರಗಳು ಬಂದವು. ಟೇಕಾಫ್‌ಗೆ ಹೊರಟಿದ್ದ ವಿಮಾನ ವಾಪಸ್ ತಿರುಗಬೇಕಾಯಿತು. ಯಾರಿಗೋ ಅದು ತಮಾಷೆ ಅನ್ನಿಸಿತ್ತು.

ಕೊನೆಯದಾಗಿ ಒಂದು ವಿಷಯ, ಇದು ಬಹಳ ಜನ ತಪ್ಪು ಮಾಡೋ ಜಾಗ. ಒಂದು ಬಡ್ ಜಾರಿ ಸೀಟಿನ ಸಂದಿಗೆ ಬಿತ್ತು ಅಂದ್ಕೊಳ್ಳಿ. ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕೋಕೆ ಹೋಗ್ಬೇಡಿ. ಸೀಟಿನ ಕೆಳಗಿನ ಲೋಹದ ಭಾಗಗಳ ನಡುವೆ ಸಿಕ್ಕು ಬ್ಯಾಟರಿ ಜಜ್ಜಿಹೋದರೆ ಅಲ್ಲೇ ಹೊತ್ತಿಕೊಳ್ಳಬಹುದು. ಫೋನ್ ಬಿದ್ದರೂ ಇದೇ ಮಾತು. ತಲೆ ಮೇಲಿನ ಕರೆ ಗುಂಡಿ ಒತ್ತಿ, ಸಿಬ್ಬಂದಿಗೆ ಹೇಳಿ, ಅವರು ಬಂದು ತೆಗೆದುಕೊಡ್ತಾರೆ. ಅಲ್ಲಿವರೆಗೆ ಒಂದೇ ಕಿವಿಯಲ್ಲಿ ಹಾಡು ಕೇಳ್ತಾ ಕೂತಿರಿ.